ಭೂಮಿ ಹುಣ್ಣಿಮೆ ಊಟ ಗದ್ದೇಲೇ ಆಗ್ಬೇಕು, ಹೋಟೆಲ್ ರಾತ್ರಿಗಿರ್ಲಿ

ದಸರಾ ಆಗಿ ಐದನೇ ದಿನ ಆಶ್ವಯುಜ ಹುಣ್ಣಿಮೆ. ಬಯಲುಸೀಮೆಯವ್ರು ಸೀಗೆ ಹುಣ್ಣಿಮೆ ಅಂತಾರೆ, ನಮ್ಮ ಬಾಳೆಹೊನ್ನೂರು ಕಡೆ ಭೂಮಿ ಹುಣ್ಣಿಮೆ. ಮಳೆಗಾಲದಲ್ಲಿ ನೆಟ್ಟಿ ಮಾಡಿದ ಇಂಟಾನ್ ಭತ್ತ ಆ ಹೊತ್ತಿಗೆ ಹೊಡೆ ತುಂಬಿರುತ್ತೆ, ತೆನೆ ಇನ್ನೂ ಹೊರಗೆ ಬಂದಿರಲ್ಲ, ದಂಟನ್ನ ಬೆರಳಲ್ಲಿ ಮೆತ್ತಗೆ ಒತ್ತಿದ್ರೆ ಒಳಗೆ ಉಬ್ಬಿರೋದು ಗೊತ್ತಾಗುತ್ತೆ. ಭೂಮ್ತಾಯಿ ಬಸುರಿ, ಅವಳಿಗೆ ಬಯಕೆ ಊಟ ಹಾಕೋ ಹಬ್ಬ ಇದು.

ಹಿಂದಿನ ರಾತ್ರಿ ಅಮ್ಮ, ಚಿಕ್ಕಮ್ಮ, ಅತ್ತಿಗೆ ಯಾರೂ ಮಲಗಲ್ಲ. ಕೆಸ, ಕುಂಬಳದ ಕುಡಿ, ಹೀರೇಕಾಯಿ, ಅಮಟೆಕಾಯಿ, ಹಿತ್ತಲಲ್ಲಿ ಸಿಕ್ಕಿದ್ದೆಲ್ಲಾ ಹೆಚ್ಚಿ ಬೇಯಿಸಿ ಬೆರಕೆ ಸೊಪ್ಪು ಮಾಡ್ಬೇಕು, ಇನ್ನೊಂದು ಕಡೆ ಸೌತೆಕಾಯಿ ತುರಿ, ಅಕ್ಕಿ ತರಿ, ಬೆಲ್ಲ ಕಲಸಿ ಬಾಳೆಲೇಲಿ ಮಡಚಿ ನಾರಲ್ಲಿ ಕಟ್ಟಿ ಕಡುಬು ಹಬೆಗಿಡ್ಬೇಕು. ಎಲೆ ಬಾಡ್ಸೋದೇ ಒಂದು ಕೆಲ್ಸ, ಕೆಂಡದ ಮೇಲೆ ಆಡಿಸ್ತಾ ಇದ್ರೆ ಕಡು ಹಸಿರಾಗಿ ಹೊಳಪು ಬರುತ್ತೆ, ಆಗ್ಲೇ ತೆಗೀಬೇಕು, ಇಲ್ಲಾಂದ್ರೆ ಮಡಚುವಾಗ ಸೀಳುತ್ತೆ.

ಬೆಳಕು ಹರಿಯೋ ಮೊದ್ಲೇ ಅಪ್ಪ ಗದ್ದೆ ತುಂಬಾ ಆ ಸೊಪ್ಪು ಬೀರ್ತಾ ಭೂಮ್ತಾಯಿ ಉಂಡು ಹೋಗಮ್ಮ ಅಂತ ಕೂಗ್ತಾರೆ. ಅಮ್ಮ ತನ್ನ ಸರ ತೆಗೆದು ಭತ್ತದ ಬುಡಕ್ಕೆ ಹಾಕಿ ಪೂಜೆ ಮಾಡ್ತಾಳೆ, ಒಂದು ಕಡುಬನ್ನ ಗದ್ದೇಲೇ ಹೂತಿಡ್ತೀವಿ, ಕಾಗೆಗೆ ಎಡೆ ಇಡ್ತೀವಿ, ಆಮೇಲೆ ಅಂಚಿನ ಮೇಲೆ ಸಾಲಾಗಿ ಕೂತು ಊಟ. ಗದ್ದೆ ಅಡಿಕೆ ತೋಟ ಆಗಿರೋರು ತೋಟದಲ್ಲೇ ಪೂಜೆ ಮಾಡ್ತಾರೆ, ಅದೂ ಚೆಂದ.

ಈಗ ನಮ್ಮ ಮನೆ ಹುಡುಗ್ರು ಅಡುಗೆ ಯಾಕೆ, ಪೂಜೆ ಮುಗ್ಸಿ ಸೀದಾ ಚಿಕ್ಕಮಗಳೂರಿಗೆ ಹೋಗಿ ಹೋಟೆಲಲ್ಲಿ ಉಣ್ಣೋಣ ಅಂತಿದಾರೆ. ಹೋಟೆಲ್‌ಗೆ ಹೋಗೋದು ತಪ್ಪು ಅಂತ ನಾನು ಖಂಡಿತ ಹೇಳಲ್ಲ, ರಾತ್ರಿಯಿಡೀ ಒಲೆ ಮುಂದೆ ಕೂತ ಹೆಂಗಸ್ರಿಗೆ ಸಾಯಂಕಾಲ ಮತ್ತೆ ಅಡುಗೆ ಮಾಡಿ ಅನ್ನೋಕೆ ನಂಗಂತೂ ಬಾಯಿ ಬರಲ್ಲ. ಆದ್ರೆ ಬಯಕೆ ಊಟ ಅಂದ್ಮೇಲೆ ಭೂಮ್ತಾಯಿ ಜೊತೆ ಕೂತು ಉಣ್ಬೇಕು ಅಲ್ವಾ, ಅವಳಿಗೆ ಎಡೆ ಇಟ್ಟು ನಾವು ಎದ್ದು ಕಾರು ಹತ್ತೋದು ನಂಗೆ ಹಿಡಿಸಲ್ಲ.

ಅದಕ್ಕೇ ಈ ಸಲ ಎಲೆ ಬಾಡ್ಸೋದು, ಕಡುಬು ಕಟ್ಟೋದು ನಾವು ಗಂಡಸ್ರು ಅಂತ ಮಾತಾಗಿದೆ. ಮಧ್ಯಾಹ್ನ ಎಲ್ರಿಗೂ ನಿದ್ದೆ, ಸಂಜೆ ಚಿಕ್ಕಮಗಳೂರಿನ ಐಜಿ ರೋಡಿಗೆ ಊಟಕ್ಕೆ. ಯಾವ ಹೋಟೆಲ್, ಏನು ಆರ್ಡರ್ ಅನ್ನೋದು ಅಮ್ಮ, ಚಿಕ್ಕಮ್ಮ, ಅತ್ತಿಗೆ ಹೇಳಿದ ಹಾಗೆ.