ಆಟವು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತದೆ

ಸದ್ಯ ನಾನು ಎರಡು ಆಟಗಳನ್ನು ಜೊತೆಜೊತೆಯಾಗಿ ಆಡುತ್ತಿದ್ದೇನೆ: 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿ ಮತ್ತು 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್. ಎರಡೂ ಹೊಸವಲ್ಲ, ಧಾರವಾಡದ ಮನೆಯಲ್ಲಿರುವ ನನ್ನ ಲ್ಯಾಪ್‌ಟಾಪ್ ಇವಕ್ಕಿಂತ ಭಾರವಾದ ಆಟವನ್ನು ಎಳೆಯುವುದೂ ಇಲ್ಲ. ಮೊದಲನೆಯದನ್ನು ಎರಿಕ್ ಬ್ಯಾರೋನ್, ಎರಡನೆಯದನ್ನು ಲ್ಯೂಕಾಸ್ ಪೋಪ್, ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲವನ್ನೂ ಬಹುಮಟ್ಟಿಗೆ ತಾವೊಬ್ಬರೇ ಮಾಡಿ ಮುಗಿಸಿದ್ದಾರೆ. ನೂರಾರು ಜನ ಸೇರಿ ಮಾಡಿದ ಆಟದಲ್ಲಿ ಎಲ್ಲವೂ ಅಷ್ಟಿಷ್ಟು ಇರುತ್ತದೆ. ಒಬ್ಬರೇ ಮಾಡಿದ ಆಟದಲ್ಲಿ ಅವರು ಯಾವುದನ್ನು ಲೆಕ್ಕಕ್ಕೆ ಹಿಡಿದರು, ಯಾವುದನ್ನು ಕೈಬಿಟ್ಟರು ಎಂಬುದು ಎದ್ದು ಕಾಣುತ್ತದೆ.

ಸ್ಟಾರ್‌ಡ್ಯೂ ವ್ಯಾಲಿ ಒಕ್ಕಲುತನದ ಆಟ. ಪಟ್ಟಣದ ನೌಕರಿ ಬಿಟ್ಟು ಅಜ್ಜನ ಹಾಳುಬಿದ್ದ ಹೊಲಕ್ಕೆ ಬಂದವನು ಕಲ್ಲು, ಕಳೆ, ಬೊಡ್ಡೆಗಳನ್ನು ತೆಗೆದು ಬಿತ್ತನೆ ಮಾಡಬೇಕು. ವರ್ಷಕ್ಕೆ ನಾಲ್ಕು ಋತುಗಳು, ಪ್ರತಿ ಋತುವಿಗೆ 28 ದಿನಗಳು. ಋತು ಬದಲಾದ ಬೆಳಿಗ್ಗೆ ಆ ಕಾಲಕ್ಕೆ ಸಲ್ಲದ ಬೆಳೆಯೆಲ್ಲ ಒಣಗಿ ನಿಂತಿರುತ್ತದೆ. ನಮ್ಮ ಮನೆತನದ ಹೊಲ ಹಾವೇರಿ ಜಿಲ್ಲೆಯಲ್ಲಿದೆ, ಮೆಣಸಿನಕಾಯಿ ಮತ್ತು ಗೋವಿನಜೋಳ ಅಲ್ಲಿಯ ಬೆಳೆಗಳು. ಆದ್ದರಿಂದ ಆಟದಲ್ಲಿಯೂ ಮೊದಲ ಬೇಸಿಗೆಗೆ ನಾನು ಬಿತ್ತಿದ್ದು ಅವೆರಡನ್ನೇ. ಮೆಣಸಿನ ಗಿಡ ಐದು ದಿನಕ್ಕೆ ಕಾಯಿ ಬಿಟ್ಟು, ಆಮೇಲೆ ಮೂರು ದಿನಕ್ಕೊಮ್ಮೆ ಕೊಡುತ್ತಲೇ ಇರುತ್ತದೆ. ಗೋವಿನಜೋಳದ ದಂಟಂತೂ ತೆನೆ ಮುರಿದ ಮೇಲೆ ನಾಲ್ಕು ದಿನಕ್ಕೊಮ್ಮೆ ಮತ್ತೆ ತೆನೆ ಹೊರುತ್ತದೆ. ಇದನ್ನು ಕಂಡ ನಮ್ಮ ಅವ್ವ, "ಇಂಥಾ ಬೀಜ ಎಲ್ಲಿ ಸಿಗತೈತಿ, ಕೇಳಿಕೊಂಡು ಬಾ" ಎಂದಳು.

ಇಂಥ ಸಲಿಗೆಗಳ ಬಗ್ಗೆ ನನ್ನ ತಕರಾರಿಲ್ಲ. ನೀರು ಹಾಕದಿದ್ದರೆ ಇಲ್ಲಿಯ ಬೆಳೆ ಸಾಯುವುದಿಲ್ಲ, ಆ ದಿನದ ಮಟ್ಟಿಗೆ ಬೆಳವಣಿಗೆ ನಿಲ್ಲುತ್ತದೆ, ಅಷ್ಟೇ. ಟಿವಿಯಲ್ಲಿ ನಾಳೆ ಮಳೆ ಎಂದರೆ ನಾಳೆ ಮಳೆಯೇ. ಆದರೆ ಒಂದು ಸಂಗತಿಯನ್ನು ಬ್ಯಾರೋನ್ ಚೆನ್ನಾಗಿ ಹಿಡಿದಿದ್ದಾರೆ: ಹೊಲದ ಕೆಲಸದಲ್ಲಿ ಮೊದಲು ತೀರುವುದು ಭೂಮಿಯಲ್ಲ, ಮೈಯಲ್ಲಿನ ಕಸುವು ಮತ್ತು ಹೊತ್ತು. ಆಟದ ದಿನ ಬೆಳಿಗ್ಗೆ ಆರಕ್ಕೆ ಆರಂಭವಾಗಿ ನಡುರಾತ್ರಿ ಎರಡಕ್ಕೆ ಮುಗಿಯುತ್ತದೆ, ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಕೊಡಲಿ ಎತ್ತಿದರೂ, ಝಾರಿಯಿಂದ ನೀರು ಹಾಕಿದರೂ ಕಸುವು ಕಡಿಮೆಯಾಗುತ್ತದೆ. ಆಳು ಸಿಗುವುದೇ ಇಲ್ಲ. ಹೀಗಾಗಿ ಎಷ್ಟು ಬಿತ್ತಬಹುದು ಎಂಬುದನ್ನು ಎಷ್ಟಕ್ಕೆ ನೀರು ಹಾಕಬಲ್ಲೆ ಎಂಬುದೇ ನಿರ್ಧರಿಸುತ್ತದೆ, ಮತ್ತು ಸ್ಪ್ರಿಂಕ್ಲರ್ ಮಾಡಿಕೊಳ್ಳುವ ಶಕ್ತಿ ಬರುವವರೆಗೆ ಹೊಲ ದೊಡ್ಡದಾಗುವುದಿಲ್ಲ. ಬೀಜದ ಅಂಗಡಿ ಬುಧವಾರ ಮುಚ್ಚಿರುತ್ತದೆ ಎಂಬ ಸಣ್ಣ ನಿಯಮವೂ ಇದೇ ಜಾಣ್ಮೆಯದು: ಮಂಗಳವಾರವೇ ಮುಂದಾಲೋಚನೆ ಮಾಡದವನಿಗೆ ಒಂದು ದಿನ ಹಾಳು.

ಅವರು ಪೂರ್ತಿಯಾಗಿ ಕೈಬಿಟ್ಟದ್ದು ಪೇಟೆಯನ್ನು. ಮನೆ ಮುಂದಿನ ಪೆಟ್ಟಿಗೆಯಲ್ಲಿ ಮಾಲು ಹಾಕಿ ಮಲಗಿದರೆ ಬೆಳಗಾಗುವುದರೊಳಗೆ ಹಣ ಬಂದಿರುತ್ತದೆ. ಸಾಧಾರಣ ಮೆಣಸಿನಕಾಯಿಗೆ 40 ನಾಣ್ಯ. ಗುಣಮಟ್ಟಕ್ಕೆ ಚಿನ್ನದ ಚುಕ್ಕಿ ಬಿದ್ದರೆ ಅದರ ಒಂದೂವರೆ ಪಟ್ಟು. ಹೊಲ ತುಂಬ ಅದನ್ನೇ ಬೆಳೆದು ಸುರಿದರೂ ದರ ಇಳಿಯುವುದಿಲ್ಲ. ಬ್ಯಾಡಗಿಯ ಮಾರುಕಟ್ಟೆ ಕಂಡವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ ಕಡ್ಡಿ, ಡಬ್ಬಿ ಎಂದು ತಳಿ ಬೇರೆ, ಬಣ್ಣ ಬೇರೆ, ತೇವಾಂಶ ಬೇರೆ. ಆವಕ (ಅಂದರೆ ಆ ದಿನ ಬಂದ ಚೀಲಗಳು) ಹೆಚ್ಚಾದಂತೆ ದರದ ಭರವಸೆ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತು) ಪಡೆದ ಬೆಳೆಗೂ ಈ ಅನಿಶ್ಚಿತತೆ ತಪ್ಪಿಲ್ಲ. ದರವನ್ನು ಸ್ಥಿರವಾಗಿಟ್ಟದ್ದು ಆಟದ ಕೊರತೆಯೆಂದು ನಾನು ಹೇಳಲಾರೆ, ಆದರೆ ಅದರ ನೆಮ್ಮದಿಯ ಬೇರು ಅಲ್ಲಿಯೇ ಇದೆ. ಸಂಗೀತದಿಂದಲೋ ಕೋಳಿಮರಿಗಳಿಂದಲೋ ಮನಸ್ಸು ಹಗುರಾಗುತ್ತದೆಂದು ಎಲ್ಲರೂ ಬರೆಯುತ್ತಾರೆ. ನನಗೆ ಹಗುರಾಗುವುದು ಬಿತ್ತುವ ದಿನವೇ ಮಾರುವ ದರ ಗೊತ್ತಿರುವುದರಿಂದ. ಮಲಗಿದಾಗ ಮಾತ್ರ ಆಟ ಸೇವ್ ಆಗುವುದರಿಂದ ನಡುವೆ ಕರೆಂಟ್ ಹೋಗಿ, ಬ್ಯಾಟರಿಯೂ ಮುಗಿದರೆ ಆ ದಿನವನ್ನು ಮತ್ತೆ ದುಡಿಯಬೇಕು ಎಂಬುದೊಂದೇ ಅಪಾಯ.

ಓಬ್ರಾ ಡಿನ್ ಹೊತ್ತನ್ನೂ ಕಸುವನ್ನೂ ಎಣಿಸುವುದೇ ಇಲ್ಲ. 1802ರಲ್ಲಿ ಲಂಡನ್ನಿನಿಂದ ಹೊರಟು ಕಾಣೆಯಾದ ಹಡಗೊಂದು 1807ರಲ್ಲಿ ಫಾಲ್ಮತ್ ಬಂದರಿಗೆ ತೇಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರಿಶೀಲಕರಾದ ನಾವು ಅದರಲ್ಲಿದ್ದ 60 ಜನರ ಹೆಸರು ಮತ್ತು ಗತಿಯನ್ನು ಪುಸ್ತಕದಲ್ಲಿ ದಾಖಲಿಸಬೇಕು. ಒಂದು ಗಡಿಯಾರ ಹಿಡಿದರೆ ಸತ್ತವರ ಕೊನೆಯ ಗಳಿಗೆ ಸ್ತಬ್ಧಚಿತ್ರವಾಗಿ ನಿಲ್ಲುತ್ತದೆ. ಅದರೊಳಗೆ ಓಡಾಡಿ ಯಾರ ಪಕ್ಕದಲ್ಲಿ ಯಾರಿದ್ದರು, ಯಾರ ತೂಗುಮಂಚಕ್ಕೆ ಯಾವ ಸಂಖ್ಯೆ ಎಂದು ನೋಡುತ್ತ ಹೋಗಬೇಕು. ಕಪ್ಪು ಬಿಳುಪಿನ ಎರಡೇ ಛಾಯೆಗಳಲ್ಲಿ ಬರೆದ ಆಟವಿದು. ಮೊದಲಿಗೆ ಕಣ್ಣಿಗೆ ತ್ರಾಸಾದರೂ ಆಮೇಲೆ ಆ ಬಡತನವೇ ಗಮನವನ್ನು ಹರಿತಗೊಳಿಸುತ್ತದೆ.

ಪೋಪ್ ಲೆಕ್ಕಕ್ಕೆ ಹಿಡಿದದ್ದು ತಿಳಿವಳಿಕೆಯನ್ನು ಮಾತ್ರ. ಮೂವರ ಹೆಸರು ಮತ್ತು ಗತಿ ಒಟ್ಟಿಗೆ ಸರಿಯಾದಾಗಲಷ್ಟೇ ಪುಸ್ತಕ ಅವನ್ನು ಖಚಿತಪಡಿಸುತ್ತದೆ, ಹಾಗಾಗಿ ಅಂದಾಜಿನ ಮೇಲೆ ಒಬ್ಬೊಬ್ಬರನ್ನೇ ಪರೀಕ್ಷಿಸಿ ನೋಡುವ ದಾರಿ ಬಹುತೇಕ ಮುಚ್ಚಿದೆ. ಸಿಬ್ಬಂದಿಯ ಪಟ್ಟಿಯಲ್ಲಿ ಊರು ಇಂಡಿಯಾ ಎಂದು ಬರೆದಿರುವ ನಾವಿಕರೂ ಕೆಲವರಿದ್ದಾರೆ. ನಮ್ಮವರೆಂದು ಅವರನ್ನು ಮೊದಲು ಗುರುತಿಸುವೆನೆಂದುಕೊಂಡಿದ್ದೆ. ಕಂಪನಿಯ ಹಡಗಿನಲ್ಲಿ ಅವರಿಗೆ ಮಾತೂ ಕಡಿಮೆ, ಅವರನ್ನು ಹೆಸರು ಹಿಡಿದು ಕರೆಯುವವರೂ ಕಡಿಮೆ, ಆದ್ದರಿಂದ ಅಧಿಕಾರಿಗಳೆಲ್ಲರ ಲೆಕ್ಕ ಮುಗಿದರೂ ಇವರು ಉಳಿದುಕೊಂಡಿದ್ದಾರೆ. ಇದು ಪೋಪ್ ಬೇಕೆಂದೇ ಮಾಡಿದ್ದೋ, ಸುಳಿವುಗಳನ್ನು ಹಂಚುವಾಗ ತಾನಾಗಿ ಆದದ್ದೋ, ಆಟವು ನಿಜವಾದ ಹಡಗುಗಳ ದರ್ಜೆಯನ್ನು ಇಲ್ಲಿ ತಪ್ಪಿಲ್ಲದೆ ತೋರಿಸಿದೆ. ಅವರ ತೂಗುಮಂಚಗಳಿರುವ ದೃಶ್ಯವನ್ನು ಈ ವಾರ ಮತ್ತೊಮ್ಮೆ ನಿಧಾನವಾಗಿ ನೋಡಬೇಕಾಗಿದೆ.