ಅಮ್ಮನಿಗೆ ಹೇಳಿದ್ದೇನೆ

ನಮ್ಮ ಶಿರಸಿ ಕಡೆ ಅನ್ಯಾಯವಾದವರ ಬಾಯಲ್ಲಿ ಬರುವ ಮಾತು ಒಂದೇ, 'ಮಾರಿಕಾಂಬೆ ನೋಡ್ಕೊಳ್ತಾಳೆ.' ಕೇಳೋದಕ್ಕೆ ಭಕ್ತಿ, ಒಳಗೆ ಕುದಿಯುವ ಸಿಟ್ಟು. ಚಾಲಿ ಅಡಿಕೆ (ಬಿಸಿಲಿಗೆ ಒಣಗಿಸಿ ಸುಲಿದದ್ದು) ಕೊಂಡ ವ್ಯಾಪಾರಿಯೊಬ್ಬ 'ನಾಳೆ, ನಾಡಿದ್ದು' ಅನ್ನುತ್ತಲೇ ನಮ್ಮ ಇಡೀ ಫಸಲಿನ ದುಡ್ಡು ನುಂಗಿದ. ಆಮೇಲೆ ನಾನೂ ಹಾಗೇ ಹೇಳುತ್ತಿದ್ದೆ.

ಸಿಟ್ಟಿಟ್ಟುಕೊಂಡು ದೇವರ ಮುಂದೆ ನಿಲ್ಲಬಾರದು ಅಂತಾರೆ. ಮಾರಿಗುಡಿಯಲ್ಲಿ ಆ ಮಾತು ನಡೆಯೋದಿಲ್ಲ. ಹಿರಿಯರು ಹೇಳುವ ಅಮ್ಮನ ಕಥೆಯೇ ಮೋಸದ್ದು. ಜಾತಿ ಮುಚ್ಚಿಟ್ಟು ಸುಳ್ಳು ಹೇಳಿ ಮದುವೆಯಾದ ಗಂಡ, ಗೊತ್ತಾದಾಗ ಉರಿದೆದ್ದ ಹೆಣ್ಣು, ಕೋಣನ ಬಲಿ. (ಆ ಕಥೆಯಲ್ಲಿರುವ ಜಾತಿಯ ಮಾತು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯೋದಿಲ್ಲ, ಅದು ಬೇರೆ.) ಎರಡು ವರ್ಷಕ್ಕೊಮ್ಮೆ ಜಾತ್ರೆ. ಅಮ್ಮ ರಥವೇರಿ ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಬರುತ್ತಾಳೆ. ಕೊನೆಯ ದಿನ ಚಪ್ಪರಕ್ಕೆ ಬೆಂಕಿ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಮೇಲೆ ಕೋಣನ ಬಲಿ ನಿಂತಿತು. ಬೆಂಕಿ ಉಳಿಯಿತು. ನನಗಿದು ತುಂಬಾ ಇಷ್ಟ. ಸಿಟ್ಟಿಗೆ ಜಾಗ ಇದೆ, ಕತ್ತಿಗೆ ಇಲ್ಲ.

ಜಾತ್ರೆಯಲ್ಲಿ ಉಡಿ ಕೊಡಲು ಸಾಲಿನಲ್ಲಿ ನಿಂತಿದ್ದೆವು. ಮಾರ್ಚ್ ಬಿಸಿಲು. ಸ್ವಲ್ಪ ಮುಂದೆ ಅದೇ ವ್ಯಾಪಾರಿ, ಪಕ್ಕದಲ್ಲಿ ಅವನ ಹೆಂಡತಿ. ಅವರ ತಟ್ಟೆಯಲ್ಲೂ ಹಸಿರು ಖಣ, ಕಾಯಿ, ಅಕ್ಕಿ, ಬಳೆ. ನೋಡಿದರೆ ನಾವು ಕೊಂಡ ಅಂಗಡಿಯದೇ ಇರಬೇಕು! 'ಇವನ ಉಡಿಯನ್ನೂ ತಗೋತೀಯಾ ಅಮ್ಮ?' ಅಂತ ಮೈಯೆಲ್ಲ ಉರಿಯಿತು. ತಗೊಂಡಳು. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಮನೆಯಲ್ಲಿ ಏನು ಕಷ್ಟವೋ, ನನಗೇನು ಗೊತ್ತು?

ದೂರು ಕೊಡುವುದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅಮ್ಮನ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳೋದು? ಆದರೆ ನಾವು ತೀರ್ಪನ್ನೂ ಬರೆದುಕೊಂಡೇ ಹೋಗಿರುತ್ತೇವೆ ಅಲ್ವಾ? ಅವನ ಅಂಗಡಿ ಮುಳುಗಲಿ, ಕೈಕಾಲು ಬೀಳಲಿ. ಅಮ್ಮ ಸುಮ್ನೆ ಸಹಿ ಹಾಕಿದರಾಯಿತು!

ಏಳಡಿ ಎತ್ತರದ, ಎಂಟು ಕೈಯ ಅಮ್ಮನ ಮುಂದೆ ನನ್ನ ಸರದಿ ಬಂತು. 'ನಮ್ಮ ದುಡ್ಡು ನಮಗೆ ಬರಲಿ ತಾಯಿ' ಅಂದೆ. ಅವನಿಗೇನು ಮಾಡಬೇಕು ಅನ್ನೋದನ್ನು ಅವಳಿಗೇ ಬಿಟ್ಟೆ. ಹೊರಗೆ ಬಂದಾಗ ಯಜಮಾನರು ಕೇಳಿದರು, 'ಅವನ ಮೇಲೆ ಹಾಕಿದ ಕೇಸು ವಾಪಸ್ ತಗೊಳ್ಳೋದಾ?' ಇಲ್ಲ ಅಂದೆ. ಕೋರ್ಟಿನ ವಾಯಿದೆ ಇದ್ದೇ ಇದೆ, ಹೋಗಲೇಬೇಕು.