ಮರದ ಸ್ಟೀಮರ್ ಅಳೆಯಲು ಇಳಿದಾಗ ಮೊದಲು ಕಬ್ಬಿಣ ಹುಡುಕಿ

ಮುಳುಗಿದ ಹಡಗುಗಳನ್ನು ದಾಖಲಿಸುವ ಕೆಲಸಕ್ಕೆ ಹೊಸದಾಗಿ ಬಂದವರು ನೀರಿಗಿಳಿದ ಕೂಡಲೇ ಮರ ನೋಡುತ್ತಾರೆ. ಅಮೆರಿಕದ ಮಹಾಸರೋವರಗಳಲ್ಲಿ ಓಡಾಡಿದ ದೊಡ್ಡ ಮರದ ಸರಕು ಸ್ಟೀಮರ್‌ಗಳಾದರೆ ಮೊದಲು ಹುಡುಕಬೇಕಾದ್ದು ಕಬ್ಬಿಣ. ಯಾಕೆಂದು ತಿಳಿಯಲು ಅಪೊಮ್ಯಾಟಾಕ್ಸ್ ಎಂಬ ಸ್ಟೀಮರ್ ಒಂದೇ ಸಾಕು.

ಮಿಷಿಗನ್‌ನ ವೆಸ್ಟ್ ಬೇ ಸಿಟಿಯಲ್ಲಿದ್ದ ಜೇಮ್ಸ್ ಡೇವಿಡ್ಸನ್ ಅವರ ಹಡಗು ಕಟ್ಟುವ ಯಾರ್ಡಿನಲ್ಲಿ ಅದನ್ನು 1896ರಲ್ಲಿ ಕಟ್ಟಿದ್ದು. ಉದ್ದ ಸುಮಾರು 319 ಅಡಿ, ಅಗಲ 42 ಅಡಿ. ಮಹಾಸರೋವರಗಳ ಮರದ ಸರಕು ಸ್ಟೀಮರ್‌ಗಳಲ್ಲಿ ಇಷ್ಟು ಉದ್ದದವು ಬೆರಳೆಣಿಕೆ. ಮರದ ಹಡಗನ್ನು ಇಷ್ಟು ಉದ್ದ ಎಳೆದರೆ ಅದು ಸುಮ್ಮನಿರುವುದಿಲ್ಲ. ಮುಂದಿನ ಮೂತಿಯೂ ಹಿಂಭಾಗವೂ ಚೂಪು. ಅಲ್ಲಿ ನೀರು ಎತ್ತಿಹಿಡಿಯುವುದು ಕಡಿಮೆ, ನಡುಭಾಗದಲ್ಲಿ ಹೆಚ್ಚು. ಹಾಗಾಗಿ ಎರಡೂ ತುದಿ ಜೋತುಬಿದ್ದು ನಡು ಮೇಲಕ್ಕೆ ಉಬ್ಬುತ್ತದೆ. ಎರಡು ಅಲೆಗಳ ನೆತ್ತಿಯ ಮೇಲೆ ತುದಿಗಳು ಕೂತರೆ ಉಲ್ಟಾ, ನಡು ಕೆಳಗೆ ಬಾಗುತ್ತದೆ. ಪ್ರತಿ ಬಾಗುವಿಕೆಗೂ ಹಲಗೆಗಳು ಒಂದರ ಪಕ್ಕ ಒಂದು ಕೂದಲೆಳೆಯಷ್ಟು ಜಾರುತ್ತವೆ. ಸಂದಿಗೆ ತುರುಕಿದ ಸೆಣಬಿನ ನಾರು, ಮೇಲೆ ಬಳಿದ ಡಾಂಬರು ಎರಡೂ ಸಡಿಲವಾಗಿ ನೀರು ಒಳಗೆ ಬರುತ್ತದೆ. ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊರುವ ಮಂಜಿ ಎಂಬ ಮರದ ಹಡಗು ನೋಡಿದವರಿಗೆ ಸಂದಿ ತುಂಬುವ ಕೆಲಸ ಗೊತ್ತಿರುತ್ತದೆ. ಆದರೆ ಮಂಜಿ ಇದರ ಪಕ್ಕದಲ್ಲಿ ಮರಿ.

ಡೇವಿಡ್ಸನ್ ಇದಕ್ಕೆ ಕಂಡುಕೊಂಡ ದಾರಿ ಮರದೊಳಗೆ ಲೋಹ ಹೆಣೆಯುವುದು. ಹಡಗಿನ ತಳದ ಬೆನ್ನೆಲುಬಾದ ಕೀಲ್ ತೊಲೆಯ ಮೇಲೆ ಉದ್ದಕ್ಕೂ ಕೂರುವ ಕೀಲ್ಸನ್‌ಗೆ ಉಕ್ಕಿನ ತಗಡು, ಪಕ್ಕಗಳಲ್ಲಿ ಲೋಹದ ಕಮಾನು, ಪಕ್ಕೆಲುಬಿನಂಥ ಫ್ರೇಮುಗಳ ಹೊರಮೈ ಮೇಲೆ ಓರೆಯಾಗಿ ಹಾಯುವ ಪಟ್ಟಿಗಳು. ಈ ಪಟ್ಟಿಗಳು ಹೊರಹಲಗೆಯ ಅಡಿಯಲ್ಲಿ ಹುದುಗಿರುವುದರಿಂದ ಹಡಗು ತೇಲುತ್ತಿದ್ದ ದಿನಗಳಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಲಗೆ ಕಿತ್ತುಹೋದ ಮೇಲೆ ನಮಗೆ ಕಾಣುತ್ತವೆ. ಇಷ್ಟೆಲ್ಲ ಮಾಡಿಯೂ ಒಳನೀರು ಹೊರಹಾಕಲು ಸೈಫನ್, ಪಂಪು ಬೇಕೇ ಆದವು. ಮರದಲ್ಲಿ ಇನ್ನೂ ಉದ್ದ ಕಟ್ಟಬಹುದು ಎಂಬ ವಾದ ಯಾರಾದರೂ ತೆಗೆದರೆ ಆ ಪಂಪುಗಳನ್ನು ತೋರಿಸಿದರೆ ಮುಗಿಯಿತು.

1905ರ ನವೆಂಬರ್ 2ರಂದು ಕಲ್ಲಿದ್ದಲು ತುಂಬಿಕೊಂಡು, ಹಿಂದೆ ಸ್ಯಾಂಟಿಯಾಗೊ ಎಂಬ ಬಾರ್ಜನ್ನು, ಅಂದರೆ ಎಳೆದೊಯ್ಯುವ ಸರಕು ದೋಣಿಯನ್ನು, ಎಳೆದುಕೊಂಡು ಅಪೊಮ್ಯಾಟಾಕ್ಸ್ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಗೆ ಬರುತ್ತಿತ್ತು. ಊರಿನ ಕಾರ್ಖಾನೆಗಳ ಹೊಗೆ ಮಂಜಿನ ಜೊತೆ ಸೇರಿ ದಡ ಕಾಣಲಿಲ್ಲ, ಹೋಗಿ ನೆಲ ಕಚ್ಚಿತು. ಬಾರ್ಜು ಬಿಡಿಸಿಕೊಂಡು ಬಂತು, ಸ್ಟೀಮರ್ ಬರಲಿಲ್ಲ. ಹಡಗು ಎಳೆಯುವ ಟಗ್‌ಗಳು ಸುಮಾರು ಎರಡು ವಾರ ಹೆಣಗಿ ಕೈಬಿಟ್ಟವು. ಈಗ ಶೋರ್‌ವುಡ್‌ನ ಅಟ್‌ವಾಟರ್ ಬೀಚಿನಿಂದ ನೂರೈವತ್ತು ಗಜ ಆಚೆ, 15ರಿಂದ 20 ಅಡಿ ನೀರಿನಲ್ಲಿದೆ.

ಇನ್ನು ಅಳತೆ. ಕೀಲ್ಸನ್ ಉದ್ದಕ್ಕೆ ಒಂದು ಟೇಪು ಬಿಗಿದು ಕಟ್ಟಿ, ಅದೇ ಆಧಾರರೇಖೆ. ಸೊನ್ನೆಯನ್ನು ಅಲುಗಾಡದ ಒಂದು ಬೋಲ್ಟಿಗೆ ಕಟ್ಟಿ, ತೇಲಾಡುವ ತೊಲೆಗಲ್ಲ. ನೀರಿನ ಸೆಳೆತಕ್ಕೆ ಟೇಪು ಬಿಲ್ಲಿನಂತೆ ಬಾಗಿದರೆ ಉದ್ದ ಹೆಚ್ಚಾಗಿ ಬರುತ್ತದೆ, ಆದ್ದರಿಂದ ನಡುನಡುವೆ ಮೊಳೆಗೆ ಸಿಕ್ಕಿಸುತ್ತ ಹೋಗಬೇಕು. ದಿಕ್ಸೂಚಿಯನ್ನು ದೂರವಿಡಿ. ಉಕ್ಕಿನ ಕೀಲ್ಸನ್ ಪಕ್ಕ ಮುಳ್ಳು ಎತ್ತಲೋ ತಿರುಗಿರುತ್ತದೆ, ನೀವು ಅದನ್ನೇ ನಂಬಿ ಬರೆದರೆ ಕಾಗದದ ಮೇಲೆ ಹಡಗು ಡೊಂಕಾಗುತ್ತದೆ. ಪಕ್ಕದ ಬಿಂದುಗಳನ್ನು ಆಧಾರರೇಖೆಯ ಎರಡು ಗುರುತುಗಳಿಂದ ಎರಡು ಟೇಪು ಹಿಡಿದು ತ್ರಿಕೋನ ಮಾಡಿ ಗುರುತಿಸುವುದೇ ಕ್ಷೇಮ.

ಹೆಚ್ಚು ಜನ ಎಡವುವುದು ಅಗಲದಲ್ಲಿ. ತಳ ಮತ್ತು ಪಕ್ಕ ಸೇರುವ ತಿರುವಿನಲ್ಲಿ ಹಡಗು ಮೊದಲು ಒಡೆಯುತ್ತದೆ. ಪಕ್ಕಗಳು ಬಿಚ್ಚಿದ ಪುಸ್ತಕದ ಹಾಗೆ ಎರಡೂ ಕಡೆ ಮಲಗುತ್ತವೆ. ತುದಿಯಿಂದ ತುದಿಗೆ ಅಳೆದು 42 ಅಡಿಯ ಹಡಗನ್ನು ಎಷ್ಟೋ ಅಗಲ ಮಾಡಿಬಿಡುವುದು ಸುಲಭ. ಕೀಲ್ಸನ್‌ನ ನಡುಗೆರೆಯಿಂದ ಆ ತಿರುವಿನವರೆಗೆ ಮಾತ್ರ ಅಳೆದು ಎರಡರಿಂದ ಗುಣಿಸಿದರೆ ತಳದ ಅಗಲ ಸಿಗುತ್ತದೆ. ಅದು ನೋಂದಣಿ ಪತ್ರದಲ್ಲಿರುವ 42 ಅಡಿ ಅಗಲವಲ್ಲ, ಅದಕ್ಕಿಂತ ಕಡಿಮೆಯೇ ಇರಬೇಕು. ಓರೆ ಪಟ್ಟಿಗಳು ಒಂದನ್ನೊಂದು ಕತ್ತರಿಸುವ ಜಾಗಗಳನ್ನು ಗುರುತಿಸಿದರೆ, ಕಳಚಿ ಬಿದ್ದ ಪಕ್ಕದ ತುಂಡು ಎಡದ್ದೋ ಬಲದ್ದೋ, ಮೊದಲು ಎಲ್ಲಿತ್ತು ಎಂದು ಜೋಡಿಸಲು ಬಹಳ ನೆರವಾಗುತ್ತದೆ.

ಫ್ರೇಮಿನ ದಪ್ಪ, ನಡುವಿನ ಅಂತರವನ್ನು ಒಂದೇ ಕಡೆ ಅಳೆದು ಬಿಡಬೇಡಿ, ಮೂರು ನಾಲ್ಕು ಜಾಗ ಬೇಕು. ಮಸೆಲ್ ಚಿಪ್ಪುಗಳು ದಟ್ಟವಾಗಿ ಅಂಟಿಕೊಂಡಿರುವಲ್ಲಿ ಚಿಪ್ಪನ್ನೂ ಸೇರಿಸಿ ಅಳೆದು ಮರವನ್ನು ದಪ್ಪ ಮಾಡಿದ ದಾಖಲೆಗಳಿವೆ.

ಸುಟ್ಟ ಹಡಗಿನ ಲಕ್ಷಣವೇ ಬೇರೆ. ಡೇವಿಡ್ಸನ್ ಯಾರ್ಡಿನದೇ ಇನ್ನೊಂದು ಹಡಗು, 1892ರ ಸಿಟಿ ಆಫ್ ನೇಪಲ್ಸ್, ಮುಂದೆ ಫ್ರಾಂಕ್ ಒಕಾನರ್ ಎಂದು ಹೆಸರು ಬದಲಾಯಿಸಿಕೊಂಡು 1919ರ ಅಕ್ಟೋಬರ್ 2ರಂದು ಕೇನಾ ದ್ವೀಪದ ಬಳಿ ಸುಮಾರು 3,000 ಟನ್ ಕಲ್ಲಿದ್ದಲಿನೊಂದಿಗೆ ಉರಿದುಹೋಯಿತು. ಬೆಂಕಿ ನೀರಿನ ಮಟ್ಟದವರೆಗೆ ತಿಂದು ನಿಲ್ಲುತ್ತದೆ. ಕೆಳಗಿನ ಮರದ ಮೇಲಂಚು ಕರಿಕಲಾಗಿ ಒಂದೇ ಮಟ್ಟದಲ್ಲಿರುತ್ತದೆ, ಅಲೆ ಒಡೆದದ್ದಾದರೆ ಸೀಳು ಸೀಳಾಗಿ ಏರುಪೇರಾಗಿರುತ್ತದೆ. ಅಲ್ಲಿ ಸುಮಾರು 65 ಅಡಿ ಆಳದಲ್ಲಿ ಎಂಜಿನ್ ಇನ್ನೂ ನೆಟ್ಟಗೆ ನಿಂತಿದೆ. ಅಪೊಮ್ಯಾಟಾಕ್ಸ್ ಮಲಗಿರುವ ಆಳಕ್ಕೆ ಅಲೆ ಮುಟ್ಟುತ್ತದೆ, ಅಲ್ಲಿ ಆ ಭಾಗ್ಯ ನಿರೀಕ್ಷಿಸಬೇಡಿ. ಸಿಹಿನೀರಾದ್ದರಿಂದ ಮರ ಕೊರೆಯುವ ಹುಳ ಇಲ್ಲ ಎನ್ನುವುದೊಂದೇ ಎರಡಕ್ಕೂ ಸಮಾನ ಅನುಕೂಲ.

ಗುರುತು ಪತ್ತೆಗೆ ಅಮೆರಿಕದ ಹಡಗುಗಳ ಮುಖ್ಯ ಅಡ್ಡತೊಲೆಯಲ್ಲಿ ಕೆತ್ತುತ್ತಿದ್ದ ಅಧಿಕೃತ ಸಂಖ್ಯೆ ಸಿಕ್ಕರೆ ಅದೃಷ್ಟ. ಆದರೆ ಆ ತೊಲೆ ಡೆಕ್ಕಿನ ಜೊತೆಗೇ ಹೋಗಿರುವುದು ಹೆಚ್ಚು. ಆಗ ಡೆಕ್ಕಿನಲ್ಲಿ ಸರಕು ಇಳಿಸುವ ಬಾಯಿಗಳಾದ ಹ್ಯಾಚ್‌ಗಳ ಅಂತರ ನೋಡಬಹುದು. 1869ರ ಸ್ಟೀಮರ್ ಆರ್. ಜೆ. ಹ್ಯಾಕೆಟ್‌ನಿಂದ ಶುರುವಾದ ಕ್ರಮದಲ್ಲಿ, ಅದಿರು ಸುರಿಯುವ ಕಟ್ಟೆಯ ಕೊಳವೆಗಳಿಗೆ ಹೊಂದುವಂತೆ ಹ್ಯಾಚ್‌ಗಳ ಮಧ್ಯದಿಂದ ಮಧ್ಯಕ್ಕೆ 24 ಅಡಿ. ಡೆಕ್ಕಿನ ದೊಡ್ಡ ತುಂಡೇನಾದರೂ ಸಿಕ್ಕರೆ ಆ ಲೆಕ್ಕ ಹಾಕಿ ನೋಡಿ. ಯಾವುದನ್ನೂ ಮೇಲಕ್ಕೆ ತರಬೇಡಿ, ಒಂದು ಬೋಲ್ಟನ್ನೂ. ವಿಸ್ಕಾನ್ಸಿನ್ ಕಾನೂನಿನಲ್ಲಿ ಅದು ಅಪರಾಧ.